ತೆರೇಸಮ್ಮನ ದ್ರಾಕ್ಷಿ ರಸ, ನನ್ನ ಮೂಗು

ಹೋದ ಶುಕ್ರವಾರ ಬೆಳಿಗ್ಗೆ ಅವರೆಕಾಳು ಹಿದುಕುತ್ತ ಕೂತಿದ್ದೆ. ನೆನೆಹಾಕಿದ ಕಾಳು ಚೆನ್ನಾಗಿ ಉಬ್ಬಿದ್ದರೆ ಎರಡು ಬೆರಳ ನಡುವೆ ಸ್ವಲ್ಪ ಅದುಮಿದರೆ ಸಾಕು, ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ಬೋಗುಣಿಗೆ ಹಾರುತ್ತದೆ. ಕೆಲವು ಬೋಗುಣಿಗೆ ಹಾರದೆ ಬೀರುವಿನ ಕೆಳಕ್ಕೆ ಹಾರುತ್ತವೆ. ಅವುಗಳ ವಿಚಾರ ಸಂಕ್ರಾಂತಿಗೆ ಮನೆ ತೊಳೆಯುವಾಗ. ಈ ಕೆಲಸಕ್ಕೆ ಬುದ್ಧಿ ಬೇಕಿಲ್ಲ, ಆದ್ದರಿಂದ ನನಗೆ ಇಷ್ಟ. ಕೈ ಕಾಳಿನಲ್ಲಿರುತ್ತದೆ, ಬಾಯಿ ನರಸಿಂಹಸ್ವಾಮಿಯ ಹೆಸರಿನಲ್ಲಿರುತ್ತದೆ, ತಲೆ ಎಲ್ಲಿ ಬೇಕಾದರೂ ಹೋಗಿ ಬರಬಹುದು.

ಅಷ್ಟರಲ್ಲಿ ಪಕ್ಕದ ಮನೆಯ ಸ್ಟೆಲ್ಲಾ ಬಂದಳು. ಸೆರಗಿನೊಳಗೆ ಏನೋ ಸುತ್ತಿ ಹಿಡಿದಿದ್ದಳು. ಕೂತುಕೊಳ್ಳಲಿಲ್ಲ.

"ಅಕ್ಕ, ದ್ರಾಕ್ಷಿ ಬಳ್ಳಿ ಹೋಯ್ತು" ಅಂದಳು. "ಕಡ್ಡಿ ಸವರಿ ಇಷ್ಟ್ ದಿನ ಆಯ್ತು, ಒಂದ್ ಚಿಗುರೂ ಬರ್ಲಿಲ್ಲ. ಒಣಗೋಗಿದೆ."

ನನ್ನ ಕೈಯಲ್ಲಿದ್ದ ಕಾಳು ಬೀರುವಿನ ಕಡೆಗೆ ಹಾರಿತು.

ಸ್ಟೆಲ್ಲಾ ಸೆರಗು ಬಿಚ್ಚಿದಳು. ಒಂದು ಹಳೆಯ ಬಾಟಲಿ. ಬಾಯಿಗೆ ಮೇಣ ಮೆತ್ತಿತ್ತು, ಭುಜದ ಮೇಲೆ ಧೂಳು ಗಟ್ಟಿಯಾಗಿತ್ತು. "ಅತ್ತೆ ಜಾಡೀದು ಇದೊಂದೇ ಉಳ್ದಿರೋದು. ಇದಾದ್ರೂ ಇದೆಯೋ, ಇದೂ ಹೋಗಿದೆಯೋ, ನೀವು ಮೂಸಿ ಹೇಳ್ಬೇಕಂತೆ."

"ಯಾರಂತೆ?"

"ಇನ್ಯಾರು? ಇವ್ರು" ಅಂದಳು. ಇವರು ಎಂದರೆ ಅವಳ ಗಂಡ ಇನ್ನಾಸಪ್ಪ.

ಶುಕ್ರವಾರ ಬೆಳಿಗ್ಗೆ, ದೇವರ ಮುಂದಿನ ದೀಪ ಇನ್ನೂ ಉರಿಯುತ್ತಿರುವ ಮನೆಗೆ ವೈನಿನ ಬಾಟಲಿ ತಂದು ಮೂಸಿ ಹೇಳು ಎನ್ನುವುದು ಯಾವ ಸೀಮೆಯ ನ್ಯಾಯ ಎಂದು ನೀವು ಕೇಳಬಹುದು. ನಾನು ಹುಟ್ಟಿದಂದಿನಿಂದ ಹೆಂಡ ಮುಟ್ಟಿದವಳಲ್ಲ. ಆದರೂ ನಮ್ಮ ಬೀದಿಯಲ್ಲಿ ದ್ರಾಕ್ಷಿ ರಸದ ತೀರ್ಪು ಕೊಡುವವಳು ನಾನೇ. ಇದು ಹೇಗಾಯಿತು ಎಂದು ಹೇಳಬೇಕಾದರೆ ಮೊದಲು ನನ್ನ ಮೂಗಿನ ವಿಚಾರ ಹೇಳಬೇಕು.

ನನ್ನ ತವರು ಮಾಗಡಿ ಕಡೆ. ಸಾವನದುರ್ಗ ಕಣ್ಣಿಗೆ ಕಾಣುವ ಊರು. ಅಲ್ಲಿಂದ ಎರಡು ಬಸ್ಸು ಬದಲಾಯಿಸಿ ಕನಕಪುರದ ಕಡೆಯ ಈ ಊರಿಗೆ ಸೊಸೆಯಾಗಿ ಬಂದೆ. ನಮ್ಮತ್ತೆ ಬಹಳ ಮಡಿ. ದೇವರಿಗೆ ಇಡುವ ಅಡಿಗೆಯನ್ನು ಯಾರೂ ನಾಲಿಗೆಗೆ ತಾಗಿಸುವಂತಿಲ್ಲ. ತಾಗಿಸಿದರೆ ಎಂಜಲು, ಎಂಜಲಾದರೆ ಮೊದಲಿಂದ ಮಾಡು. ಉಪ್ಪು ಸರಿಯಾಗಿದೆಯೋ ಇಲ್ಲವೋ ದೇವರು ಉಂಡಮೇಲೆಯೇ ತಿಳಿಯಬೇಕು. ಮದುವೆಯಾದ ಹೊಸದರಲ್ಲಿ ನಾನು ಹಬ್ಬದ ಪುಳಿಯೋಗರೆಗೆ ಎರಡು ಸಲ ಉಪ್ಪು ಹಾಕಿಬಿಟ್ಟೆ. ದೇವರು ಏನೂ ಅನ್ನಲಿಲ್ಲ, ನೆಂಟರು ಅಂದರು. ಅತ್ತೆ ಮಾತ್ರ ಮುಖ ಅಲುಗಿಸದೆ, "ದೇವ್ರೇ ಉಂಡವ್ನೆ, ನೀವ್ಯಾಕ್ ಉಣ್ಣಕಿಲ್ಲ?" ಅಂತ ಎಲ್ಲರ ಎಲೆಗೂ ಇನ್ನೊಂದು ಸಲ ಬಡಿಸಿದರು.

ಅವತ್ತಿನಿಂದ ನಾನು ಮೂಗಿನಲ್ಲಿ ರುಚಿ ನೋಡುವುದನ್ನು ಕಲಿತೆ. ಉಪ್ಪು ಬೀಳದ ಸಾರಿನ ಹಬೆಯೇ ಬೇರೆ, ಬಿದ್ದ ಸಾರಿನ ಹಬೆಯೇ ಬೇರೆ. ಹುಣಸೆ ಹೆಚ್ಚಾದರೆ ಹಬೆ ಮೂಗಿನ ಮೇಲಕ್ಕೆ ಹೋಗುತ್ತದೆ, ಬೆಲ್ಲ ಹೆಚ್ಚಾದರೆ ಗಂಟಲ ಕಡೆಗೆ ಇಳಿಯುತ್ತದೆ. ನಂಬುವವರು ನಂಬಿ. ನಮ್ಮ ಯಜಮಾನರಂತೂ ನಂಬಿದ್ದರು. ಸಂತೆಗೆ ಹೋದವರು ಒಂದು ದಿನವೂ ದಾರಿ ತಪ್ಪಿ ಬರಲಿಲ್ಲ. ಅದು ಅವರ ಒಳ್ಳೆಯ ಗುಣವೋ ನನ್ನ ಮೂಗಿನ ಭಯವೋ, ಎರಡರಲ್ಲಿ ಯಾವುದಾದರೂ ದೇವರ ದಯೆಯೇ.

ಅದು ರೇಷ್ಮೆಗೆ ಬಂಗಾರದ ಮಾನ ಬಂದಿದ್ದ ಕಾಲ. ರಾಮನಗರದ ಮಾರ್ಕೆಟ್ಟಿಗೆ ಗೂಡು ಹೊತ್ತ ಬಸ್ಸುಗಳಲ್ಲಿ ಮನುಷ್ಯರಿಗೆ ಸೀಟು ಸಿಗುತ್ತಿರಲಿಲ್ಲ, ಮೂಟೆಗಳಿಗೆ ಸಿಗುತ್ತಿತ್ತು. ಎಲ್ಲರ ಮನೆಯಲ್ಲೂ ಹುಳ. ನಡುಮನೆಯಲ್ಲಿ ಹುಳದ ತಟ್ಟೆಗಳು, ಜಗಲಿಯಲ್ಲಿ ಜನ. ಹುಳಕ್ಕೆ ವಾಸನೆ ಆಗುವುದಿಲ್ಲವೆಂದು ಮನೆಯಲ್ಲಿ ಮೀನು ಸುಡುವಂತಿಲ್ಲ, ಬೀಡಿ ಸೇದುವಂತಿಲ್ಲ, ಪೌಡರು ಹಾಕುವಂತಿಲ್ಲ. ಹೊಸದಾಗಿ ಮದುವೆಯಾದವರೂ ಮಲ್ಲಿಗೆ ಮುಡಿಯದೆ ಮಲಗುತ್ತಿದ್ದರು. ಇದ್ದ ಜಾಗವೆಲ್ಲ ಹಿಪ್ಪುನೇರಳೆ ಕಡ್ಡಿಗೆ ಹೋಯಿತು. ರಾಗಿ ಹೊಲ ಹೋಯಿತು, ಬೇಲಿ ಪಕ್ಕದ ಹಲಸು ಹೋಯಿತು. ನಮ್ಮ ಬಾವಿಯ ಹತ್ತಿರ ನಾನು ಕನಕಾಂಬರದ ಒಂದು ಪಾತಿ ಮಾಡಿಕೊಂಡಿದ್ದೆ. ಒಂದು ದಿನ ದೇವಸ್ಥಾನದಿಂದ ಬಂದು ನೋಡಿದರೆ ಅಲ್ಲಿ ಹಿಪ್ಪುನೇರಳೆ ಕಡ್ಡಿ ನೆಟ್ಟಾಗಿತ್ತು. "ದೇವ್ರಿಗೆ ಹೂವ ಸಂತೆಯಿಂದ ತಂದ್ರಾಯ್ತು ಕಣೆ" ಅಂದರು ಯಜಮಾನರು. ಆ ವರ್ಷ ಮನೆಗೆ ಹೆಂಚು ಬಂತು. ಸೋರದ ಮನೆಯಲ್ಲಿ ಕೂತು ಹೂವಿನ ಚಿಂತೆ ಮಾಡುವುದು ಅಹಂಕಾರ ಅಂದುಕೊಂಡೆ.

ಊರಿನಲ್ಲಿ ಹಿಪ್ಪುನೇರಳೆಗೆ ಸೋಲದೆ ಉಳಿದಿದ್ದು ಒಂದೇ ಒಂದು. ಪಕ್ಕದ ಮನೆ ತೆರೇಸಮ್ಮನ ದ್ರಾಕ್ಷಿ ಚಪ್ಪರ.

ತೆರೇಸಮ್ಮ ನಮ್ಮತ್ತೆಯ ವಾರಿಗೆಯವಳು. ನಾನು ದೊಡ್ಡವ್ವ ಅನ್ನುತ್ತಿದ್ದೆ. ಅವರು ಕ್ರೈಸ್ತರು, ನಾವು ನರಸಿಂಹನ ಒಕ್ಕಲು. ನಡುವೆ ಒಂದು ಗಿಡ್ಡ ಗೋಡೆ, ಗೋಡೆಯ ಮೇಲೆ ಸಾರಿನ ಬಟ್ಟಲು ಹೋಗುತ್ತ ಬರುತ್ತ ಇದ್ದವು. ಅವಳ ಗಂಡ ಚೌರಪ್ಪ ಬೆಂಗಳೂರಿನ ಹತ್ತಿರ ಯಾವುದೋ ದ್ರಾಕ್ಷಿ ತೋಟದಲ್ಲಿ ಕೂಲಿಗಿದ್ದಾಗ ಒಂದು ಕಡ್ಡಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದು ಬಾವಿಯ ಪಕ್ಕ ನೆಟ್ಟಿದ್ದನಂತೆ. ನಾನು ಬರುವ ಹೊತ್ತಿಗೆ ಚೌರಪ್ಪ ಹೋಗಿದ್ದ, ಬಳ್ಳಿಯ ಬುಡ ರಾಗಿ ಕುಟ್ಟುವ ಒನಕೆಯಷ್ಟು ದಪ್ಪವಾಗಿತ್ತು. ಕಪ್ಪು ನೀಲಿ ಹಣ್ಣು, ದಪ್ಪ ಸಿಪ್ಪೆ, ಬಾಯಿಗೆ ಹಾಕಿದರೆ ಹಲ್ಲು ಚುಳ್ಳೆನ್ನುವ ಹುಳಿ. ತೆರೇಸಮ್ಮ ಅದನ್ನು ಕೈಯಲ್ಲೇ ಹಿಸುಕಿ, ಸಿಪ್ಪೆ ಸಮೇತ ಜಾಡಿಗೆ ಹಾಕಿ, ಅದು ಉಕ್ಕಿ ತಣ್ಣಗಾದ ಮೇಲೆ ಸೋಸಿ, ಇನ್ನೊಂದು ಜಾಡಿಗೆ ಬಗ್ಗಿಸಿ, ಬಾಯಿಗೆ ಬಟ್ಟೆ ಕಟ್ಟಿ, ಮೇಣ ಮೆತ್ತಿ, ಕತ್ತಲೆ ಮೂಲೆಯಲ್ಲಿ ಇಡುತ್ತಿದ್ದಳು. ಸಕ್ಕರೆ ಇಲ್ಲ, ಏನೂ ಇಲ್ಲ. ಇಟ್ಟಮೇಲೆ ವರ್ಷಗಟ್ಟಲೆ ಅದರ ಕಡೆ ತಿರುಗಿ ನೋಡುತ್ತಿರಲಿಲ್ಲ. ಸಂಜೆ ಜಪಮಾಲೆ ಮುಗಿಸಿ ಎರಡು ಪುಟ್ಟ ಲೋಟಕ್ಕೆ ಬಗ್ಗಿಸುತ್ತಿದ್ದಳು. ಒಂದು ತನಗೆ, ಒಂದು ಚೌರಪ್ಪನಿಗೆ. ತನ್ನದನ್ನು ಕುಡಿಯುತ್ತಿದ್ದಳು. ದೇವರು ಕೊಟ್ಟದ್ದನ್ನು ಚೆಲ್ಲಬಾರದೆಂದು ಆಮೇಲೆ ಚೌರಪ್ಪನದನ್ನೂ ಕುಡಿಯುತ್ತಿದ್ದಳು.

ಮಗ ಇನ್ನಾಸಪ್ಪನಿಗೆ ಆ ಜಾಗದ ಮೇಲೆ ಕಣ್ಣು. ಬಾವಿ ಪಕ್ಕ, ನೆರಳು, ನೀರು. ಹುಳುವಿನ ಮನೆ ಕಟ್ಟಲು ಅಂಥ ಜಾಗ ಬೇರೆ ಇಲ್ಲ. ಇನ್ನಾಸಪ್ಪ ಒಳ್ಳೆಯವನು, ಆದರೆ ಆತುರ. ಅವನ ಆತುರಕ್ಕೆ ಊರಿನಲ್ಲಿ ಒಂದು ಕಥೆಯೇ ಇತ್ತು. ಹುಳಗಳು ನಡುನಡುವೆ ಪೊರೆ ಬಿಡುತ್ತವೆ. ಆಗ ತಲೆ ಎತ್ತಿಕೊಂಡು, ಸೊಪ್ಪು ತಿನ್ನದೆ, ಅಲುಗಾಡದೆ, ಸತ್ತಂತೆ ಕೂತಿರುತ್ತವೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ಹುಳ ಜ್ವರಕ್ಕೆ ಕೂತವೆ ಅಂತ. ಒಂದು ದಿನ ಕಳೆದರೆ ಜ್ವರ ಬಿಟ್ಟು ಎದ್ದು, ಮೊದಲಿಗಿಂತ ಹೆಚ್ಚು ತಿನ್ನುತ್ತವೆ. ಇನ್ನಾಸಪ್ಪ ಮೊದಲ ಸಲ ಹುಳ ಇಟ್ಟಾಗ, ಜ್ವರಕ್ಕೆ ಕೂತ ಒಂದು ತಟ್ಟೆ ಹುಳವನ್ನು ಸತ್ತೇ ಹೋದವೆಂದು ತಿಪ್ಪೆಗೆ ಸುರಿದು, ಬಂದು ಅಮ್ಮನ ಮುಂದೆ ಅತ್ತನಂತೆ. ಸಂಜೆ ತಿಪ್ಪೆಯಲ್ಲಿ ಕೋಳಿಗಳಿಗೆ ಹಬ್ಬ. ತೆರೇಸಮ್ಮ ಅದನ್ನು ಮರೆಯಲು ಅವನಿಗೆ ಬಿಟ್ಟವಳಲ್ಲ. "ಲೇ ಇನ್ನಾಸ, ಬಾಣ್ಲಿ ಸುಮ್ಕೆ ಕೂತೈತೆ ನೋಡ್ಲಾ, ಸತ್ತೋಗೈತೇನೋ, ತಿಪ್ಪೆಗಾಕು" ಅನ್ನುತ್ತಿದ್ದಳು.

ಅಂಥ ಮನೆಗೆ ಸ್ಟೆಲ್ಲಾ ಸೊಸೆಯಾಗಿ ಬಂದಳು. ಬೆಂಗಳೂರಿನವಳು. ಜಾಮು, ಜ್ಯೂಸು, ವೈನು ಮಾಡುವುದನ್ನು ಒಂದು ಕಡೆ ತರಬೇತಿಗೆ ಹೋಗಿ ಕಲಿತಿದ್ದಳು. ಅವಳ ವೈನು ಮೂರು ವಾರಕ್ಕೆ ತಯಾರು. ಈಸ್ಟು, ಧಾರಾಳ ಸಕ್ಕರೆ, ಒಂದು ಹಿಡಿ ಗೋಧಿ, ಲವಂಗ, ಚಕ್ಕೆ. ಬಣ್ಣ ಓಕುಳಿಯ ಹಾಗೆ. ಕ್ರಿಸ್ಮಸ್ಸಿಗೆ ಬಂದವರೆಲ್ಲ ಅವಳದ್ದನ್ನು ಎರಡೆರಡು ಲೋಟ ಕೇಳಿ ಕುಡಿದರು. ತೆರೇಸಮ್ಮನದನ್ನು ಒಂದೊಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, ಆರೋಗ್ಯ ಹೇಗಿದೆ ಎಂದು ವಿಚಾರಿಸಿದರು.

ಇನ್ನಾಸಪ್ಪನಿಗೆ ದಾರಿ ಸಿಕ್ಕಿತು. "ನೋಡವ್ವ, ಸ್ಟೆಲ್ಲಾ ಮಾರ್ಕೆಟ್ ಹಣ್ಣಲ್ಲೇ ಮಾಡ್ತಾಳೆ, ಎಲ್ರೂ ಚಪ್ಪರ್ಸ್ಕೊಂಡು ಕುಡುದ್ರು. ನಿನ್ನ ಒಂದ್ ಜಾಡಿ ರಸಕ್ಕೆ ಅಷ್ಟು ಜಾಗ ಬೇಕಾ?" ಅಂದ.

ಅತ್ತೆ ಸೊಸೆಯರ ವಾದ ಗಿಡ್ಡ ಗೋಡೆಯ ಈ ಕಡೆಗೆ ದಿನವೂ ಕೇಳುತ್ತಿತ್ತು. ನಾನು ಕಿವಿಗೊಟ್ಟು ಕೇಳುತ್ತಿರಲಿಲ್ಲ. ಪಾತ್ರೆ ತೊಳೆಯುವ ಕಲ್ಲು ಗೋಡೆಯ ಪಕ್ಕದಲ್ಲೇ ಇತ್ತು, ಅಷ್ಟೆ.

"ದ್ರಾಕ್ಷಿಗೆ ಸಕ್ಕರೆ ಹಾಕ್ದೆ, ಚಕ್ಕೆ ಹಾಕ್ದೆ, ಲವಂಗ ಹಾಕ್ದೆ. ಇನ್ನ ಒಗ್ಗರಣೆ ಒಂದ್ ಬಾಕಿ. ತಡಿ, ಕರಿಬೇವು ತತ್ತೀನಿ" ಅನ್ನುವಳು ತೆರೇಸಮ್ಮ.

"ಜನಕ್ಕೆ ಸಿಹಿ ಬೇಕು ಅತ್ತೆ. ನಿಮ್ದು ಕುಡಿಯೋ ಹೊತ್ಗೆ ಹುಟ್ಟಿದ ಮಗು ಸ್ಕೂಲಿಗೆ ಹೋಗಿರುತ್ತೆ."

"ಹೋಗ್ಲಿ ಬುಡು, ಒಳ್ಳೇದೇ ಆಯ್ತು. ಓದ್ಲಿ."

"ಈಸ್ಟ್ ಹಾಕಿದ್ರೆ ಪ್ರತಿ ಸಲ ಒಂದೇ ಥರ ಬರುತ್ತೆ. ನಿಮ್ದು ಒಂದ್ ವರ್ಷ ಚೆನ್ನಾಗಿರುತ್ತೆ, ಇನ್ನೊಂದ್ ವರ್ಷ ಬಾಯಿಗಿಡಕ್ಕೆ ಆಗಲ್ಲ."

"ವರ್ಸ ವರ್ಸಾ ಒಂದೇ ತರ ಇರಕ್ಕೆ ಅದೇನ್ ಸೋಡಾನಾ? ಮಳೆ ಒಂದೇ ತರ ಬತ್ತದಾ? ಬಿಸ್ಲು ಒಂದೇ ತರ ಕಾಯ್ತದಾ? ಆ ವರ್ಸ ಏನಾಯ್ತೋ ಅದು ರಸದಾಗೆ ಇರ್ಬೇಕು ಕಣಮ್ಮಿ."

"ಕೆಟ್ಟೋಗಿದ್ರೂ 'ಈ ವರ್ಸ ಹಿಂಗೆ' ಅಂತ ಕುಡೀತೀರಲ್ಲ ಅತ್ತೆ, ಅದಕ್ಕೇನ್ ಹೇಳ್ತೀರಿ?"

ಸ್ಟೆಲ್ಲಾ ಹೇಳಿದ್ದರಲ್ಲೂ ನ್ಯಾಯ ಇತ್ತು. ಮನೆಗೆ ಬಂದವರಿಗೆ ಏನು ಬೇಕೋ ಅದನ್ನು ಕೊಡುವುದು ತಪ್ಪೆಂದು ನನಗೂ ಅನ್ನಿಸುವುದಿಲ್ಲ. ನಾನೂ ನೆಂಟರಿಗೆ ಪಾಯಸ ಮಾಡುತ್ತೇನೆ, ಕಷಾಯ ಮಾಡುವುದಿಲ್ಲ.

ಕೊನೆಗೆ, ಕೆಲವು ವರ್ಷ ಕಳೆದ ಮೇಲೆ, ಇನ್ನಾಸಪ್ಪ ಒಂದು ಮಾತಿಗೆ ಬಂದ. ಅವನ ಮದುವೆಯ ವರ್ಷ ತುಂಬಿಟ್ಟ ಜಾಡಿ ಮೂಲೆಯಲ್ಲಿತ್ತು. ಅದನ್ನು ತೆರೆಯುವುದು. ರಸ ಚೆನ್ನಾಗಿದ್ದರೆ ಬಳ್ಳಿಯ ತಂಟೆಗೆ ಅವನು ಯಾವತ್ತೂ ಬರುವುದಿಲ್ಲ. ಕೆಟ್ಟಿದ್ದರೆ ಅವತ್ತೇ ಪಿಕಾಸಿ.

"ಕೆಟ್ಟಿದ್ರೆ ಪಿಕಾಸಿ ನಾನೇ ತಂದ್ಕೊಡ್ತೀನಿ" ಅಂದಳು ತೆರೇಸಮ್ಮ. ಅಂದವಳು ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ ಎಂದು ಸ್ಟೆಲ್ಲಾ ಆಮೇಲೆ ಹೇಳಿದಳು.

ಈಗ ತೀರ್ಪು ಹೇಳುವವರು ಯಾರು? ಮನೆಯವರೆಲ್ಲ ಒಂದೊಂದು ಪಕ್ಷ. ಊರಿನಲ್ಲಿ ಕುಡಿದು ಗೊತ್ತಿದ್ದವರು ಬಹಳ ಜನ ಇದ್ದರು, ಆದರೆ ಅವರ ಕೈಗೆ ಜಾಡಿ ಕೊಟ್ಟರೆ ತೀರ್ಪು ಹೊರಡುವಷ್ಟರಲ್ಲಿ ಜಾಡಿ ಖಾಲಿ. ಆಗ ಇನ್ನಾಸಪ್ಪನೇ ನನ್ನ ಹೆಸರು ಹೇಳಿದ. ಹಿಂದಿನ ಬೆಳೆಯಲ್ಲಿ ಅವರ ಮನೆಗೆ ಮೊರ ವಾಪಸ್ಸು ಕೊಡಲು ಹೋದವಳು ಬಾಗಿಲಲ್ಲೇ ನಿಂತು, "ಇನ್ನಾಸಣ್ಣ, ಆ ಮೂಲೆ ತಟ್ಟೆ ಒಂದ್ಸಲ ನೋಡು, ವಾಸನೆ ಸರಿಯಿಲ್ಲ" ಅಂದಿದ್ದೆ. ನೋಡಿದರೆ ಹುಳಕ್ಕೆ ರೋಗ ಶುರುವಾಗಿತ್ತು. ಆ ತಟ್ಟೆ ತೆಗೆದುಹಾಕಿದ್ದಕ್ಕೆ ಉಳಿದ ಬೆಳೆ ಉಳಿಯಿತು. ಅಂದಿನಿಂದ ಅವನಿಗೆ ನನ್ನ ಮೂಗಿನ ಮೇಲೆ ಚರ್ಚಿನ ಸ್ವಾಮಿಗಳ ಪ್ರಸಂಗಕ್ಕಿಂತ ಹೆಚ್ಚು ನಂಬಿಕೆ.

"ನಾನ್ ಕುಡಿಯಲ್ಲ" ಅಂದೆ.

"ಕುಡೀ ಅಂದೋರ್ ಯಾರವ್ವ ತಂಗಿ? ಮೂಸ್ಬುಟ್ಟು ಹೇಳು. ದೇವ್ರ ಅಡ್ಗೆ ಹಂಗೇ ಮಾಡ್ತೀಯಲ್ಲ."

ಮೂಸುವುದಕ್ಕೆ ಶಾಸ್ತ್ರದಲ್ಲಿ ಅಡ್ಡಿ ಇರುವುದು ದೇವರ ಹೂವಿಗೆ ಮಾತ್ರ. ವೈನಿಗೆ ಇದ್ದದ್ದು ನನಗೆ ತಿಳಿಯದು. ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಭಯವಾಯಿತು. ಕನಕಾಂಬರದ ಪಾತಿಯ ನೆನಪು ಬೇರೆ ಬಂತು. ಅದಕ್ಕೂ ರಸಕ್ಕೂ ಸಂಬಂಧವಿಲ್ಲ, ಮೂಗು ಹೇಳಿದ್ದನ್ನೇ ಹೇಳಬೇಕು ಎಂದು ದೇವರ ಮುಂದೆ ನಿಂತು ನನಗೇ ಹೇಳಿಕೊಂಡೆ.

ಕ್ರಿಸ್ಮಸ್ಸಿನ ಮಾರನೆಯ ದಿನ ಅವರ ಜಗಲಿಯ ಮೇಲೆ ಕೂತೆವು. ತೆರೇಸಮ್ಮ ಮೇಣ ಒಡೆದು ಬಟ್ಟೆ ಬಿಚ್ಚಿದಳು. ಸ್ಟೆಲ್ಲಾ ಎರಡು ಗಾಜಿನ ಲೋಟ ತಂದಳು. ಒಂದಕ್ಕೆ ಅವಳದು, ಒಂದಕ್ಕೆ ಅತ್ತೆಯದು. ಸ್ಟೆಲ್ಲಾಳದು ಬಿಸಿಲಿಗೆ ಹಿಡಿದರೆ ಹೊಳೆಯಿತು. ತೆರೇಸಮ್ಮನದು ಕಪ್ಪು ಕೆಂಪು, ಲೋಟ ವಾಲಿಸಿದರೆ ಅಂಚಿನಲ್ಲಿ ಹಳೆಯ ಹೆಂಚಿನ ಬಣ್ಣ.

ಮೊದಲು ಸ್ಟೆಲ್ಲಾಳದನ್ನು ಮೂಸಿದೆ. ಚಕ್ಕೆ, ಲವಂಗ, ಸಕ್ಕರೆ ಪಾಕ. ಮದುವೆ ಮನೆಯ ಹಿತ್ತಿಲಲ್ಲಿ ಅಡಿಗೆಯವರ ಹತ್ತಿರ ನಿಂತ ಹಾಗಾಯಿತು. ಬೇಡವೆನ್ನಲು ಏನೂ ಇಲ್ಲ.

ಆಮೇಲೆ ತೆರೇಸಮ್ಮನದನ್ನು ಎತ್ತಿದೆ. ಸ್ವಾಮಿ, ಅದರ ವಾಸನೆ ಏನು ಹೇಳಲಿ. ಮಳೆಗಾಲದಲ್ಲಿ ಒಣಗದ ಗೋಣಿಚೀಲ, ಅದರ ಹಿಂದೆ ಕೆಟ್ಟ ಮೊಟ್ಟೆ. ನನ್ನ ಮುಖ ನನ್ನ ಮಾತು ಕೇಳಲಿಲ್ಲ, ಕಿವುಚಿಕೊಂಡಿತು. ಇನ್ನಾಸಪ್ಪ ಎದ್ದು ನಿಂತ. ಸ್ಟೆಲ್ಲಾ ಬಗ್ಗಿ ನೆಲ ನೋಡಿದಳು. ಗೆದ್ದವಳ ಹಾಗೆ ಕಾಣಲಿಲ್ಲ, ಅದು ಅವಳ ದೊಡ್ಡ ಗುಣ.

"ಏನವ್ವ ಮಗ, ಹೇಳು" ಅಂದಳು ತೆರೇಸಮ್ಮ. ದನಿ ಸಣ್ಣದಾಗಿತ್ತು.

ನಾನು ಬಾಯಿ ತೆರೆಯುವಷ್ಟರಲ್ಲಿ ಗೋಡೆಯ ಆ ಕಡೆಯಿಂದ ನಮ್ಮ ಯಜಮಾನರ ಕೂಗು ಕೇಳಿತು: "ಏ, ಎಲ್ಲಿದ್ದೀಯೆ? ಹುಳಕ್ಕೆ ಸೊಪ್ಪು ಕೊಡಾ ಹೊತ್ತು ಮೀರ್ತಾ ಐತೆ!"

ನಮ್ಮ ಹುಳ ಆಗ ಕಡೆಯ ಜ್ವರ ಬಿಟ್ಟು ಎದ್ದಿದ್ದವು. ಆ ಹೊತ್ತಿನಲ್ಲಿ ಹುಳ ಮದುವೆ ಊಟಕ್ಕೆ ಕೂತ ಬೀಗರ ಹಾಗೆ, ಎಲೆ ಮುಂದೆ ಕಾಯಿಸಿದರೆ ಬೆಳೆಯೇ ಹಾಳು. ಬಳ್ಳಿಯ ತೀರ್ಪು ಕಾಯಬಹುದು, ಹುಳ ಕಾಯುವುದಿಲ್ಲ. "ಬಂದ್ ಹೇಳ್ತೀನಿ ದೊಡ್ಡವ್ವ. ಲೋಟ ಹಂಗೇ ಇರ್ಲಿ, ಯಾರೂ ಮುಟ್ಬೇಡಿ" ಅಂತ ಎದ್ದೆ. ಯಾಕೆ ಮುಟ್ಟಬೇಡಿ ಅಂದೆನೋ ಗೊತ್ತಿಲ್ಲ. ನೈವೇದ್ಯ ಇಟ್ಟಮೇಲೆ ಯಾರೂ ಮುಟ್ಟಬೇಡಿ ಎಂದು ಮಕ್ಕಳಿಗೆ ಹೇಳಿ ಹೇಳಿ ಬಾಯಿಗೆ ಅಂಟಿದ ಮಾತು.

ವೈನು ಮೂಸಿದ ಮುಖ ಹೊತ್ತು ಹುಳದ ಹತ್ತಿರ ಹೋಗುವಂತಿಲ್ಲ. ತಲೆಗೆ ನೀರು ಹಾಕಿಕೊಂಡು, ಬೇರೆ ಸೀರೆ ಉಟ್ಟು, ಒಳಗೆ ಹೋದೆ. ತಟ್ಟೆಯಿಂದ ತಟ್ಟೆಗೆ ಸೊಪ್ಪು ಹರಡುತ್ತ ಹೇಳಬೇಕಾದ ಮಾತನ್ನು ಅಭ್ಯಾಸ ಮಾಡಿದೆ. ಕೆಟ್ಟೋಗಿದೆ ದೊಡ್ಡವ್ವ. ಇಲ್ಲ, ಬೇಡ. ಸ್ವಲ್ಪ ಕೆಟ್ಟಿದೆ ದೊಡ್ಡವ್ವ. ಸ್ವಲ್ಪ ಕೆಟ್ಟದ್ದು ಎಂದು ಒಂದಿದೆಯೇ? ಹುಳಗಳು ಕರಕರ ಮೇಯುತ್ತಿದ್ದವು. ಅವಕ್ಕೆ ಯಾವ ಚಿಂತೆಯೂ ಇರಲಿಲ್ಲ. ಕಡೆಯ ತಟ್ಟೆ ಮುಗಿದಾಗ ಬೇಗ ಮುಗಿದುಹೋಯಿತಲ್ಲ ಅನ್ನಿಸಿತು.

ಹಿಂದಿರುಗಿದಾಗ ಬಿಸಿಲು ಜಗಲಿಯ ಮೆಟ್ಟಿಲು ಇಳಿದಿತ್ತು. ಮೂವರೂ ನಾನು ಬಿಟ್ಟು ಹೋದ ಹಾಗೇ ಕೂತಿದ್ದರು. ಇನ್ನಾಸಪ್ಪನ ತೊಡೆಯ ಮೇಲೆ ಪಿಕಾಸಿ ಇತ್ತು, ಅದೊಂದೇ ಹೊಸದು. ಹೇಳಿದ ಮಾತು ನಡೆಸಿ, ತೆರೇಸಮ್ಮನೇ ಒಳಗಿನಿಂದ ತಂದುಕೊಟ್ಟಿದ್ದಳಂತೆ.

ಹೇಳುವ ಮೊದಲು ಇನ್ನೊಂದು ಸಲ ಮೂಸದಿದ್ದರೆ ಚೆನ್ನಾಗಿರುವುದಿಲ್ಲ ಎಂದು, ಬರೀ ಮರ್ಯಾದೆಗಾಗಿ, ಲೋಟ ಎತ್ತಿದೆ.

ಗೋಣಿಚೀಲ ಇರಲಿಲ್ಲ.

ಮೊಟ್ಟೆಯೂ ಇರಲಿಲ್ಲ. ಲೋಟ ಬದಲಾಯಿತೇ ಎಂದು ನೋಡಿದೆ. ಇಲ್ಲ, ಅದೇ ಲೋಟ, ಅದೇ ಹೆಂಚಿನ ಬಣ್ಣದ ಅಂಚು. ಮತ್ತೆ ಮೂಸಿದೆ. ಮೊದಲು ಬಂದದ್ದು ನೇರಳೆ ಹಣ್ಣು, ಮರದ ಕೆಳಗೆ ಬಿದ್ದು ಬಿಸಿಲಿಗೆ ಒಣಗಿದ ನೇರಳೆ. ಅದರ ಹಿಂದೆ ಆಗ ತಾನೆ ಸೀಳಿದ ಸೌದೆ. ಅದರ ಹಿಂದೆ ಏನೋ ನನಗೆ ಚೆನ್ನಾಗಿ ಗೊತ್ತಿರುವ ಒಂದು ವಾಸನೆ, ಎಲ್ಲಿಯದೆಂದು ಹೊಳೆಯದು. ಆಮೇಲೆ ಹೊಳೆಯಿತು. ಬಾಣಂತಿತನದಲ್ಲಿ ಪಂಡಿತರು ಕೊಟ್ಟಿದ್ದ ಅರಿಷ್ಟ! ತಿಂಗಳುಗಟ್ಟಲೆ ಎರಡು ಹೊತ್ತು, ದೇವರಿಗೆ ಕೈಮುಗಿದು ಕುಡಿದಿದ್ದೆ.

"ಅರಿಷ್ಟದ ವಾಸನೆ ಬತ್ತಾ ಐತೆ ದೊಡ್ಡವ್ವ" ಅಂದೆ.

"ಅರಿಷ್ಟನ ಯಾತ್ರಲ್ಲಿ ಮಾಡ್ತಾರೆ ಅಂದ್ಕೊಂಡಿದ್ದೆ ಕೂಸೇ?" ಅಂದಳು ತೆರೇಸಮ್ಮ. ಆ ಪರಿಸ್ಥಿತಿಯಲ್ಲೂ ಅವಳಿಗೆ ನಗು ಬಂತು. ಅದನ್ನೂ ದ್ರಾಕ್ಷಿ ಹುಳಿ ಬರಿಸಿಯೇ ಮಾಡುವುದಂತೆ. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕುಡಿದವಳು ನಾನೇ ಎಂದು ನನಗೆ ತಿಳಿದದ್ದು ಅವತ್ತು. ಯಜಮಾನರಿಗೆ ಇದನ್ನು ಹೇಳಲಿಲ್ಲ.

ಸ್ಟೆಲ್ಲಾಳ ಲೋಟವನ್ನೂ ಎತ್ತಿದೆ. ಲವಂಗ ಹೋಗಿತ್ತು, ಚಕ್ಕೆ ಹೋಗಿತ್ತು. ಸಕ್ಕರೆ ನೀರಿನ ಕೆಳಗೆ ಹುಳಿ ಬಂದ ದೋಸೆ ಹಿಟ್ಟಿನ ವಾಸನೆ ಇತ್ತು.

"ದೊಡ್ಡವ್ವಂದು ಕೆಟ್ಟಿಲ್ಲ" ಅಂದೆ.

ಇನ್ನಾಸಪ್ಪನಿಗೆ ರೇಗಿತು. "ಆಗ್ಲೆ ಮಖ ಕಿವುಚ್ದಲ್ಲವ್ವ ತಂಗಿ! ನಾನೇ ನೋಡ್ದೆ. ನಮ್ಮವ್ವನ ಮೇಲೆ ಕನಿಕರ ತೋರ್ಸಕ್ಕೆ ಹೋಗ್ಬ್ಯಾಡ."

ಸುಳ್ಳು ಹೇಳಿದೆ ಅನ್ನಿಸಿಕೊಂಡು ನನಗೆ ಅಭ್ಯಾಸವಿಲ್ಲ. ಆದರೆ ಆಗಿದ್ದನ್ನು ಅವನಿಗೆ ತಿಳಿಯುವ ಹಾಗೆ ಹೇಳುವುದು ಹೇಗೆ? ಕೈ ಇನ್ನೂ ಹಿಪ್ಪುನೇರಳೆ ಸೊಪ್ಪಿನ ವಾಸನೆ ಹೊಡೆಯುತ್ತಿತ್ತು. ಬಾಯಿಗೆ ತಾನಾಗಿ ಬಂತು.

"ಆಗ ಜ್ವರಕ್ಕೆ ಕೂತಿತ್ತು ಇನ್ನಾಸಣ್ಣ. ಈಗ ಜ್ವರ ಬುಟ್ಟು ಎದ್ದೈತೆ."

ಇನ್ನಾಸಪ್ಪ ಪಿಕಾಸಿಯ ಹಿಡಿಯನ್ನು ನೋಡಿದ. ಅಮ್ಮನನ್ನು ನೋಡಿದ. ತೆರೇಸಮ್ಮ ತಿಪ್ಪೆಯ ಮಾತು ಎತ್ತಲಿಲ್ಲ. ಎತ್ತದೆ ಇದ್ದದ್ದು ಅದೊಂದೇ ಸಲ. ಅವನು ಲೋಟ ತೆಗೆದುಕೊಂಡು ಮೂಸಿದ, ಒಂದು ಗುಟುಕು ಕುಡಿದ, ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡು ನುಂಗಿದ.

"ಹೂಂ" ಅಂದ. ಎದ್ದು ಪಿಕಾಸಿಯನ್ನು ಒಳಗೆ ಇಟ್ಟುಬಂದ. ಬಂದವನು ಚಪ್ಪರವನ್ನು ತಲೆಯೆತ್ತಿ ನೋಡುತ್ತ, "ಹುಳಿನ್ ಮನೆ ಇದ್ರ ಕೆಳ್ಗೇ ಕಟ್ಟಿದ್ರೆ ಬೇಸ್ಗೇಲಿ ತಂಪಿರ್ತದೆ. ನಾನ್ ಮೊದ್ಲಿಂದ್ಲೂ ಅದೇ ಅಂದ್ಕೊಂಡಿದ್ದೆ" ಅಂದ.

ಹಾಗೇ ಕಟ್ಟಿದ. ಬೇಸಿಗೆಯಲ್ಲಿ ನಮ್ಮ ಹುಳ ಬಿಸಿಲಿಗೆ ಸೊರಗಿದಾಗ ಅವರ ಹುಳ ಚಪ್ಪರದ ಕೆಳಗೆ ತಣ್ಣಗೆ ಗೂಡು ಕಟ್ಟಿದವು. ಬಳ್ಳಿಯನ್ನು ಉಳಿಸಿದವಳು ನಾನು ಎಂದು ತೆರೇಸಮ್ಮ ಸಾಯುವತನಕ ಹೇಳುತ್ತಿದ್ದಳು. ನಾನಲ್ಲ. ಹುಳಕ್ಕೆ ಹಸಿವಾದದ್ದರಿಂದ ಉಳಿಯಿತು. ಹಸಿವಾಗಲು ಇನ್ನಷ್ಟು ಹೊತ್ತು ಹಿಡಿದಿದ್ದರೆ ನಾನು ಬಾಯಿ ಬಿಟ್ಟಿರುತ್ತಿದ್ದೆ.

ಸ್ಟೆಲ್ಲಾ ಅವತ್ತು, "ಅಕ್ಕ, ನಂದು?" ಅಂತ ಕೇಳಿದ್ದಳು. "ನಿಂದು ಬಗ್ಗಿಸ್ದಾಗ್ಲೇ ಕುಡ್ದುಬುಡೋದು ಕಣಮ್ಮ" ಅಂದಿದ್ದೆ. ಒಂದಷ್ಟು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಆಮೇಲೆ ಜಾಡಿಯ ರಸವನ್ನು ಬಾಟಲಿಗೆ ತುಂಬಿ ಮೇಣ ಹಾಕಿದವಳು ಅವಳೇ. ಅವಳ ಸಿಹಿ ವೈನಿಗೆ ಕ್ರಿಸ್ಮಸ್ಸಿನಲ್ಲಿ ಕೇಳಿಕೊಂಡು ಬರುವವರು ಕಡಿಮೆಯಾಗಲಿಲ್ಲ. ತೆರೇಸಮ್ಮನೂ ಕೇಕಿನ ಜೊತೆ ಅದನ್ನೇ ಕೇಳುತ್ತಿದ್ದಳು. "ಒಗ್ಗರಣೆದು ಒಸಿ ತತ್ತಾ" ಅನ್ನುತ್ತಿದ್ದಳು. ವಾದ ಮಾತ್ರ ನಿಲ್ಲಲಿಲ್ಲ. ನಿಂತಿದ್ದರೆ ಪಾತ್ರೆ ತೊಳೆಯುವಾಗ ನನಗೆ ಬೇಸರವಾಗುತ್ತಿತ್ತು.

ಈಗ ಆ ಕಾಲ ಹೋಯಿತು. ರೇಷ್ಮೆಯ ಅಬ್ಬರ ಇಳಿದು, ನಮ್ಮ ಬಾವಿಯ ಹತ್ತಿರ ಕನಕಾಂಬರ ಮತ್ತೆ ಬಂದಿದೆ. ಚನ್ನಪಟ್ಟಣದ ಕಡೆ ಮೈಸೂರು ರಸ್ತೆಯಲ್ಲಿ ವೈನಿನ ತೋಟವನ್ನು ಟಿಕೇಟು ಕೊಟ್ಟು ನೋಡಬಹುದು. ತಂಗಿಯ ಮಗಳು ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಅಲ್ಲಿ ಒಬ್ಬರು ಲೋಟ ತಿರುಗಿಸಿ ತಿರುಗಿಸಿ, ವೈನಿಗೆ ಉಸಿರಾಡಲು ಸಮಯ ಕೊಡಬೇಕು ಎಂದು ವಿವರಿಸಿದರು. ಎಷ್ಟು ಹೊತ್ತು ಎಂದು ಯಾರೋ ಕೇಳಿದರು. ಹುಳಕ್ಕೆ ಸೊಪ್ಪು ಹಾಕಿ ಬರುವಷ್ಟು ಎಂದು ನನ್ನ ಬಾಯಿ ತುದಿಗೆ ಬಂದಿತ್ತು. ಹೇಳಲಿಲ್ಲ. ದುಡ್ಡು ಕೊಟ್ಟು ಬಂದವರ ನಡುವೆ ಪುಕ್ಕಟೆ ಕಲಿತದ್ದನ್ನು ಹೇಳುವುದು ಮರ್ಯಾದೆಯಲ್ಲ.

ಹೋದ ಶುಕ್ರವಾರಕ್ಕೆ ಬರುತ್ತೇನೆ. ಸ್ಟೆಲ್ಲಾ ಮೇಣ ಕಿತ್ತಳು. ಒಂದು ಗಾಜಿನ ಲೋಟ ತೊಳೆದು ಕೊಟ್ಟೆ. ಬಗ್ಗಿಸಿದರೆ ಕೆಂಪೇ ಇಲ್ಲ, ಎಲ್ಲ ಹೆಂಚಿನ ಬಣ್ಣ. ಮೂಸಿದೆ. ಏನೂ ಇಲ್ಲ. ಕೆಟ್ಟ ವಾಸನೆ ಇದ್ದರೆ ಅದೂ ಒಂದು ಮಾತು. ತಂಬಿಗೆಯಲ್ಲಿಟ್ಟ ನೀರಿನ ಹಾಗೆ, ಏನೂ ಇಲ್ಲ. ನನ್ನ ಮೂಗಿಗೇ ವಯಸ್ಸಾಯಿತೇನೋ ಎಂದು ದೇವರ ಮುಂದಿನ ಊದುಕಡ್ಡಿಯ ಕಡೆ ತಿರುಗಿ ನೋಡಿಕೊಂಡೆ. ಅದರ ವಾಸನೆ ಬರುತ್ತಿತ್ತು.

"ಏನಕ್ಕ?" ಅಂದಳು ಸ್ಟೆಲ್ಲಾ.

"ಕೂತ್ಕೋ. ಒಸಿ ಕಾಳು ಹಿದುಕು" ಅಂದೆ.

ಕೂತಳು. ಇಬ್ಬರೂ ಹಿದುಕಿದೆವು. ಹಿದುಕುತ್ತ ಅವಳು ಹೇಳಿದಳು: "ಇವ್ರು ಬೆಳಗ್ಗೆಯಿಂದ ಬುಡದಲ್ಲೇ ಕೂತವ್ರೆ ಅಕ್ಕ. ತಿಂಡಿಗೂ ಎದ್ದಿಲ್ಲ. ಉಗುರಲ್ಲಿ ತೊಗಟೆ ಕೆರ್ದು ಕೆರ್ದು ನೋಡ್ತಾರೆ, ಎಲ್ಲಾದ್ರೂ ಹಸಿರು ಕಾಣ್ತದಾ ಅಂತ. ಮಗ ಬಂದು, 'ಅಪ್ಪಾ, ಕಿತ್ತಾಕ್ಬುಡಣ' ಅಂದ. ಅವ್ನಿಗೆ ಹೊಡ್ಯಕ್ಕೇ ಹೋಗಿದ್ರು."

ಪಿಕಾಸಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಇನ್ನಾಸಪ್ಪ ಕಣ್ಣ ಮುಂದೆ ಬಂದ. ನಾನು ಇನ್ನೊಂದು ಹಿಡಿ ಕಾಳು ತೆಗೆದುಕೊಂಡೆ.

ಬೋಗುಣಿ ಅರ್ಧ ತುಂಬಿದ ಮೇಲೆ ಕೈ ಒರೆಸಿಕೊಂಡು ಲೋಟ ಎತ್ತಿದೆ. ಇತ್ತು. ಬಹಳ ದೂರದಲ್ಲಿ, ಬೀದಿಯ ಆ ತುದಿಯ ಮನೆಯಲ್ಲಿ ಯಾರೋ ಸೌದೆ ಸೀಳುತ್ತಿದ್ದಾರೆ ಅನ್ನುವ ಹಾಗೆ. ನೇರಳೆ ಇದ್ದರೂ ಇರಬಹುದು. ಮೂಗು ಒಂದೇ ಸಾಕಾಗಲಿಲ್ಲ. ಇಷ್ಟು ವರ್ಷದಲ್ಲಿ ಅದು ನನಗೆ ಮೊದಲ ಸಲ.

ದೇವರ ಮನೆಯ ಕಡೆ ನೋಡಿದೆ. ದ್ರಾಕ್ಷಿ ಹಣ್ಣನ್ನು ಸ್ವಾಮಿಗೆ ಎಷ್ಟೋ ಸಲ ಇಟ್ಟಿದ್ದೇನೆ, ಬೇಡವೆಂದಿಲ್ಲ. ಆಮೇಲೆ ಜಾಡಿಯೊಳಗೆ ಆಗಿದ್ದೆಲ್ಲ ತಾನಾಗೇ ಆದದ್ದು, ತೆರೇಸಮ್ಮ ಅದಕ್ಕೆ ಏನನ್ನೂ ಸೇರಿಸಲಿಲ್ಲ. ಮೇಲಾಗಿ ಅರಿಷ್ಟದ ಲೆಕ್ಕ ಮೊದಲೇ ಇದೆ. ಕಿರುಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡೆ.

ಹುಳಿ. ಮೊದಲು ಬರೀ ಹುಳಿ. ನುಂಗಿದ ಮೇಲೆ, ಇನ್ನೇನೂ ಇಲ್ಲ ಎಂದುಕೊಂಡ ಮೇಲೆ, ಗಂಟಲ ಹಿಂದೆ ಒಂದು ಬೆಚ್ಚಗಿನದು ಬಂದು ಸ್ವಲ್ಪ ಹೊತ್ತು ನಿಂತಿತ್ತು.

"ಐತೆ. ಹೋಗಿಲ್ಲ ಅಂತ ಹೇಳು" ಅಂದೆ. "ಲೋಟನೂ ತಗೊಂಡೋಗಿ ಕೊಡು. ಬಾಟ್ಲೀಲಿ ಉಳ್ದಿದ್ದನ್ನ ಬಗ್ಗಿಸಿದ್ ತಕ್ಷಣ ಕುಡೀಬ್ಯಾಡ ಅನ್ನು."

ಸ್ಟೆಲ್ಲಾ ಎದ್ದಳು. ಬಾಗಿಲ ಹತ್ತಿರ ಹೋಗಿ ನಿಂತಳು. "ಅಕ್ಕ, ಬಳ್ಳಿನೂ ಜ್ವರಕ್ಕೆ ಕೂತಿರ್ಬೋದು ಅಂತ ಹೇಳ್ಲಾ?"

ಹೇಳು ಅನ್ನಬಹುದಿತ್ತು. ಆದರೆ ಒಣಗಿದ ಕಟ್ಟಿಗೆ ಮೂಸಿ ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಇನ್ನಾಸಪ್ಪನಿಗೆ ಹೇಳಿ ಕಳಿಸಲು ಮನಸ್ಸು ಬರಲಿಲ್ಲ.

"ಅದು ನನ್ ಮೂಗಿಗೆ ತಿಳಿಯಕಿಲ್ಲ ಕಣಮ್ಮ. ಯುಗಾದಿವರ್ಗೂ ಯಾರೂ ಪಿಕಾಸಿ ಮುಟ್ಬ್ಯಾಡಿ ಅಂತ ಹೇಳು."

ಅವಳು ಹೋದ ಮೇಲೆ ಬಾಯಿ ಮುಕ್ಕಳಿಸಿ, ಕೈ ತೊಳೆದು, ದೀಪಕ್ಕೆ ಎಣ್ಣೆ ಹಾಕಿ ಬಂದು ಕೂತೆ. ಸ್ಟೆಲ್ಲಾ ಹಿದುಕಿದ ಕಾಳಿನಲ್ಲಿ ಅರ್ಧಕ್ಕೆ ಸಿಪ್ಪೆ ಹಾಗೇ ಇತ್ತು. ಒಂದೊಂದಾಗಿ ಆರಿಸಿ ಮತ್ತೆ ಹಿದುಕಿದೆ.